ಫ್ಲಾಪಿಯ ಬಾಗಿಲಿಗೆ ವಿಭೂತಿ

ಹರಿಹರದ ಹೊಸ ಶಾಖೆ ನನಗೆ ಸಿಗುತ್ತದೋ ಇಲ್ಲವೋ ಎಂಬುದು ಆ ಬೆಳಿಗ್ಗೆ ಒಂದು ಫ್ಲಾಪಿಯ ಮೇಲೆ ನಿಂತಿತ್ತು. ದಾವಣಗೆರೆಯ ನಿಜಲಿಂಗಪ್ಪ ಬಡಾವಣೆಯಲ್ಲಿ ನಾನು ಪಾಠ ಹೇಳುತ್ತಿದ್ದ ಕಂಪ್ಯೂಟರ್ ಕ್ಲಾಸಿನ ಯಜಮಾನರು ಮಾತು ಕೊಟ್ಟಿದ್ದರು: "ಉದ್ಘಾಟನೆಗೆ ಮುಂಚೆ ಹತ್ತೂ ಕಂಪ್ಯೂಟರ್ ಓಡ್ಬೇಕ್ರಿ ಮೇಡಂ. ಓಡಿದ್ರೆ ಬ್ರಾಂಚಿನ ಕೀಲಿಕೈ ನಿಮ್ಗೆ. ಇಲ್ಲಾಂದ್ರೆ ನಮ್ಮ ಅಳಿಯಂದ್ರು ನೋಡ್ಕೊಂತಾರೆ." ಅಳಿಯನಿಗೆ ಕಂಪ್ಯೂಟರ್ ಆನ್ ಮಾಡುವುದು ಬರುತ್ತಿತ್ತು. ಅಷ್ಟೇ.

ಒಂದೊಂದರ ಮುಂದೆಯೂ ಕೂತು ವಿಂಡೋಸ್ ಹಾಕುತ್ತಾ, ಅದು ಕೇಳುವ ಪ್ರಶ್ನೆಗಳಿಗೆಲ್ಲ ಉತ್ತರ ಒತ್ತುತ್ತಾ ಹೋದರೆ ಎರಡು ದಿನದ ಕೆಲಸ. ನನಗೆಲ್ಲಿಯ ತಾಳ್ಮೆ! ಎಲ್ಲ ಉತ್ತರಗಳನ್ನೂ ಮೊದಲೇ ಬರೆದು ಫ್ಲಾಪಿಯಲ್ಲಿ ತುಂಬಿಕೊಂಡಿದ್ದೆ. ಫ್ಲಾಪಿ ಹಾಕಿ ಒಂದು ಪದ ಟೈಪು ಮಾಡಿದರೆ ಸಾಕು, ಕಂಪ್ಯೂಟರ್ ಸರ್ವರಿನಿಂದ ವಿಂಡೋಸ್ ಎಳೆದುಕೊಂಡು, ಹೆಸರು, ನೆಟ್‌ವರ್ಕು ಎಲ್ಲವನ್ನೂ ತಾನೇ ಹೊಂದಿಸಿಕೊಳ್ಳುತ್ತಿತ್ತು. ನಾನು ಮುಂದಿನದಕ್ಕೆ ಹೋಗಬಹುದಿತ್ತು.

ಉದ್ಘಾಟನೆಯ ದಿನ ಹರಿಹರದಲ್ಲಿ ಬೆಳಗಿನ ಪೂಜೆ ಮುಗಿದ ಕೂಡಲೇ ಮೊದಲನೆಯದಕ್ಕೆ ಫ್ಲಾಪಿ ಹಾಕಿದೆ. ಕರ್ ಕರ್ ಎಂದಿತು, ಓದಲಿಲ್ಲ. ತೆಗೆದು ಮತ್ತೆ ಹಾಕಿದೆ. ಅದೇ ರಾಗ. ಫ್ಲಾಪಿಯ ತಗಡಿನ ಬಾಗಿಲು ಸರಿಸಿ ನೋಡಿದರೆ, ಒಳಗಿನ ಕಂದು ಬಿಲ್ಲೆಯ ಮೇಲೆ ವಿಭೂತಿ, ನಡುವೆ ಒಂದು ಬೊಟ್ಟು ಕುಂಕುಮ!

ಯಜಮಾನರ ತಾಯಿಯ ಕೆಲಸ. ಹೊಸ ಬೀರು ಬಂದರೂ ಬಾಗಿಲು ತೆರೆದು ಒಳಗೆ ಉಕ್ಕಡಗಾತ್ರಿ ಕ್ಷೇತ್ರದಿಂದ ತಂದ ವಿಭೂತಿ ಹಚ್ಚದೆ ಬಿಡುವವರಲ್ಲ ಅವರು. ಪೂಜೆಗೆಂದು ನಾನೇ ತಟ್ಟೆಯಲ್ಲಿಟ್ಟಿದ್ದ ಫ್ಲಾಪಿಗೂ ಒಂದು ಬಾಗಿಲಿರುವುದು ಅವರ ಕಣ್ಣಿಗೆ ಬಿದ್ದಿದೆ. ನನಗೆ ಮೈಯೆಲ್ಲ ಉರಿದುಹೋಯಿತು. ಆದರೆ ಅಜ್ಜಿ ಎದುರಿಗೇ ಹೂಬತ್ತಿ ಮಾಡುತ್ತಾ ಎಷ್ಟು ಸಂಭ್ರಮದಿಂದ ಕೂತಿದ್ದರೆಂದರೆ, ಬೈಯಲು ಮನಸ್ಸು ಬರಲಿಲ್ಲ.

ಇನ್ನೊಂದು ಪ್ರತಿ ದಾವಣಗೆರೆಯಲ್ಲಿತ್ತು. ಬಸ್ಸಿನಲ್ಲಿ ಹೋಗಿ ಬಂದು ಶುರು ಮಾಡಿದರೆ ಅತಿಥಿಗಳು ಬರುವಷ್ಟರಲ್ಲಿ ಮುಗಿಯುತ್ತಿರಲಿಲ್ಲ.

"ಈ ಶಾರ್ಟ್‌ಕಟ್ ಎಲ್ಲಾ ಬ್ಯಾಡ ಅಂತ ನಾ ಮೊದ್ಲೇ ಹೇಳಿದ್ದೆ," ಎಂದ ಅಳಿಯ, ಕೈಕಟ್ಟಿ ನಿಂತು.

"ಅಮ್ಮಾರೆ, ಒಂಚೂರು ಹತ್ತಿ ಕೊಡ್ರಿ," ಎಂದೆ ಅಜ್ಜಿಗೆ.

ಹೇರ್‌ಪಿನ್ನಿನಿಂದ ಫ್ಲಾಪಿಯ ಚಿಪ್ಪು ಬಿಡಿಸಿ, ಬಿಲ್ಲೆಯನ್ನು ಹೊರತೆಗೆದು, ಉಸಿರು ಬಿಗಿಹಿಡಿದು ಒರೆಸಿದೆ. ಗೀರು ಬಿದ್ದರೆ ಮುಗಿಯಿತು ಕಥೆ. ಹೊಸದೊಂದು ಫ್ಲಾಪಿಯ ಹೊಟ್ಟೆ ಬಗೆದು, ಅದರ ಚಿಪ್ಪಿನೊಳಗೆ ಇದನ್ನು ಕೂರಿಸಿದೆ. ಡ್ರೈವನ್ನೂ ಒರೆಸಿ ಮೆಲ್ಲಗೆ ತಳ್ಳಿದೆ. ಕರ್ ಎಂದಿತು. ಆಮೇಲೆ ಸದ್ದಿಲ್ಲ. ಅಯ್ಯೋ ಶಿವನೇ, ಹೋಯ್ತು ಅಂದುಕೊಳ್ಳುವಷ್ಟರಲ್ಲಿ ಪರದೆಯ ಮೇಲೆ ಸಾಲುಗಳು ಓಡತೊಡಗಿದವು.

ಅತಿಥಿಗಳು ಮೆಟ್ಟಿಲು ಹತ್ತುವಾಗ ಹತ್ತೂ ಪರದೆಗಳು ಬೆಳಗುತ್ತಿದ್ದವು. ಒಂದು ಪದ ಟೈಪು ಮಾಡಿದರೆ ಸಾಕೆಂದು ನಾನು ತೋರಿಸಿದ ಮೇಲೆ ಯಜಮಾನರು ಫ್ಲಾಪಿಯನ್ನು ಹೊರಳಿಸಿ ನೋಡಿ ಹೇಳಿದ್ದೇನು ಗೊತ್ತೇ? "ಇಷ್ಟು ಸುಲಭ ಐತೇನ್ರಿ! ಹಂಗಾದ್ರೆ ಯಾರ್ ಬೇಕಾದ್ರೂ ಹಾಕ್ಬೋದಲ್ಲ. ಅಳಿಯಂದ್ರೇ ಇಲ್ಲಿರ್ಲಿ ಬಿಡ್ರಿ."

ನನ್ನ ಕೆಲಸವನ್ನೆಲ್ಲ ಒಂದು ಪದಕ್ಕೆ ಇಳಿಸಿ ನಾನೇ ಅಳಿಯನ ಕೈಗಿಟ್ಟಿದ್ದೆ.

ಆಗ ಅಜ್ಜಿ ಎದ್ದು ಬಂದು, ನಾನು ಬಿಸಾಡಿದ್ದ ಕೆಂಪು ಹತ್ತಿಯನ್ನು ಮಗನ ಮುಂದೆ ಹಿಡಿದರು. "ನೋಡಪ್ಪಾ, ಕೆಡಿಸಿದ್ದು ನಾನು. ಈ ಹುಡುಗಿ ಬಾಯಿ ಬಿಡ್ಲಿಲ್ಲ, ಕೂತು ಸರಿ ಮಾಡಿದ್ಲು. ನಿನ್ನ ಅಳಿಯ ಕೈಕಟ್ಕೊಂಡು ನಿಂತಿದ್ದ. ನಾಳೆ ಮತ್ತೆ ಕೆಟ್ರೆ, ಕೈಕಟ್ಕೊಂಡು ನಿಲ್ಲಾಕೆ ಕೀಲಿಕೈ ಯಾಕ ಬೇಕು ಅವನಿಗೆ?"

ಯಜಮಾನರು ಅತಿಥಿಗಳತ್ತ ಒಮ್ಮೆ ನೋಡಿದರು. ಜೇಬಿನಿಂದ ಕೀಲಿಕೈ ತೆಗೆದರು. ಅಜ್ಜಿ ಅದನ್ನು ಈಸಿಕೊಂಡು, ವಿಭೂತಿ ಹಚ್ಚಿ, ನನ್ನ ಕೈಯಲ್ಲಿಟ್ಟರು.