ಅಪ್ಪನಿಗೆ ಕಂಡ ಗಾಳಿ

ನಮ್ಮದು ದೊಡ್ಡಬಳ್ಳಾಪುರದಲ್ಲಿ ಮಗ್ಗದ ಮನೆ. ನಡುಮನೆಯ ಗೋಡೆಯಾಚೆ ನಾಲ್ಕು ಪವರ್‌ಲೂಮ್‌ಗಳು ಬೆಳಗಿನಿಂದ ಕಟಕಟ ಅನ್ನುತ್ತಿದ್ದವು. ಜಪಾನಿನ ಕಾರ್ಟೂನು ಬರುವ ಹೊತ್ತಿಗೆ ನಾನು ಶಾಲೆಯಿಂದ ಓಡಿಬಂದು ಟಿವಿ ಮುಂದೆ ಕೂರುತ್ತಿದ್ದೆ. ಒಂದು ಮಾತೂ ಕೇಳಿಸುತ್ತಿರಲಿಲ್ಲ. ಕರೆಂಟು ಹೋಗಿ ಮಗ್ಗ ನಿಂತರೆ ಟಿವಿಯೂ ನಿಲ್ಲುತ್ತಿತ್ತು, ಏನು ಕರ್ಮವೋ! ಹಾಗಾಗಿ ಅವರ ಮಾತನ್ನೆಲ್ಲ ನಾನೇ ಕಟ್ಟಿಕೊಂಡೆ. ದೊಡ್ಡ ಕಣ್ಣಿನ ಆ ಹುಡುಗಿಯರು ನನ್ನ ಬಾಯಲ್ಲಿ ನಮ್ಮ ಬೀದಿಯವರ ಹಾಗೆಯೇ ಜಗಳವಾಡುತ್ತಿದ್ದರು.

ಅಪ್ಪ ಮಾತ್ರ ಮೂಗು ಮುರಿಯುತ್ತಿದ್ದರು. ಮಗ್ಗದವರು ಆ ಸದ್ದಿನಲ್ಲಿ ಎದುರಿನವರ ತುಟಿ ನೋಡಿಯೇ ಮಾತು ತಿಳಿಯುತ್ತಾರೆ, ಕೈಸನ್ನೆ ಮಾಡುತ್ತಾರೆ. "ಇವುಕ್ಕೆ ತುಟೀನೇ ಇಲ್ವಲ್ಲಮ್ಮ. ಬಾಯಿ ಬರೀ ತೆಗೀತವೆ, ಮುಚ್ತವೆ. ಏನಂತ ನೋಡ್ಲಿ?" ಅನ್ನುತ್ತಿದ್ದರು.

ಮೂವತ್ತು ವರ್ಷ ಮಗ್ಗದ ಮುಂದೆ ನಿಂತು ಅಪ್ಪನ ಕಿವಿ ಪೂರ್ತಿ ಹೋಯಿತು. ಆಮೇಲೆ ಮಗ್ಗಗಳನ್ನೂ ಮಾರಿದೆವು. ಅಪ್ಪನ ದೊಡ್ಡ ದನಿ ಮಾತ್ರ ಉಳಿಯಿತು. ಆರು ವರ್ಷದ ನನ್ನ ಮಗಳಿಗೆ ಅದೇ ಭಯ. ಅವಳು ತಲೆತಗ್ಗಿಸಿ ಏನೋ ಗೊಣಗುತ್ತಾಳೆ, ಅವರಿಗೆ ತಿಳಿಯುವುದಿಲ್ಲ, "ಆಂ?" ಎಂದು ಕಿರುಚುತ್ತಾರೆ, ಅವಳು ಓಡಿಬಂದು ನನ್ನ ಬೆನ್ನ ಹಿಂದೆ ಅವಿತುಕೊಳ್ಳುತ್ತಾಳೆ. "ತಾತ ಬೈತಾರೆ" ಅಂತ ಹತ್ತಿರವೇ ಹೋಗುತ್ತಿರಲಿಲ್ಲ. ಅಪ್ಪ ಜೇಬಿನಲ್ಲಿ ಕಡಲೆಮಿಠಾಯಿ ಇಟ್ಟುಕೊಂಡು ಕಾಯುತ್ತಿದ್ದರು. ಅದನ್ನು ನೋಡಲಾರದೆ ನಾನು ಸಿಟ್ಟಿಗೆ ಇಬ್ಬರನ್ನೂ ಬೈಯುತ್ತಿದ್ದೆ. ಬೈದರೆ ಯಾರಾದರೂ ಹತ್ತಿರ ಬರುತ್ತಾರೆಯೇ, ಹೇಳಿ?

ಹೋದ ಯುಗಾದಿ ರಜೆಯಲ್ಲಿ ಮಗಳಿಗೆಂದು ಇಂಗ್ಲಿಷ್ ಮಾತಿನ ಒಂದು ಜಪಾನೀ ಕಾರ್ಟೂನು ಚಿತ್ರ ಹಾಕಿದೆ. ಅಪ್ಪ ಮೂಲೆಯ ಕುರ್ಚಿಯಲ್ಲಿ ಕೂತಿದ್ದರು. ಚಿತ್ರದ ನಡುವೆ ಒಬ್ಬ ಹುಡುಗಿ ಭತ್ತದ ಗದ್ದೆಯ ಬದುವಿನ ಮೇಲೆ ಸುಮ್ಮನೆ ನಿಂತಿದ್ದಳು. ಮಾತಿಲ್ಲ. ದೂರದ ತುದಿಯಲ್ಲಿ ಪೈರು ಬಾಗಿತು. ಆ ಬಾಗು ಹತ್ತಿರ ಹತ್ತಿರ ಬಂದು, ಅವಳ ಜಡೆ ಹಾರಿಸಿ, ಆಚೆ ಹೋಯಿತು. ಕೈಯಲ್ಲಿ ಬರೆದ ಗಾಳಿ!

"ಗಾಳಿ ಬಂತು ಕಣಮ್ಮ!" ಅಪ್ಪ ಎದ್ದೇಬಿಟ್ಟಿದ್ದರು. "ಸುಯ್ ಅಂತ ಬಂತು! ಒಂದೊಂದ್ ಎಳೆನೂ ಬರ್ದವ್ನಲ್ಲಾ, ಯಾವ ಪುಣ್ಯಾತ್ಮನೋ!"

ಮಗಳು ಬೆಚ್ಚಿ ತಿರುಗಿದಳು. ತಾತ ಬೈಯುತ್ತಿರಲಿಲ್ಲ, ನಗುತ್ತ ಕಣ್ಣು ಒರೆಸಿಕೊಳ್ಳುತ್ತಿದ್ದರು.

"ತಾತಂಗೆ ಕೇಳಿಸ್ತಾ?" ಎಂದಳು ನನ್ನ ಕಡೆ ನೋಡಿ.

"ಇಲ್ಲ ಕಣೇ, ಕಾಣಿಸ್ತು. ಮಾತೂ ಅಷ್ಟೇ, ಬಾಯಿ ಕಾಣಿಸ್ಬೇಕು ಅವ್ರಿಗೆ."

ಅಷ್ಟರಲ್ಲಿ ಚಿತ್ರದ ಹುಡುಗಿ ಮಾತಾಡತೊಡಗಿದಳು. ಅಪ್ಪನ ಮುಖ ಸಪ್ಪಗಾಯಿತು, ಮತ್ತೆ ಕೂತರು. ಮಗಳು ಒಂದು ಗಳಿಗೆ ಅವರನ್ನೇ ನೋಡಿದಳು. ಆಮೇಲೆ ಎದ್ದುಹೋಗಿ, ಟಿವಿಗೆ ಬೆನ್ನು ಕೊಟ್ಟು, ತಾತನ ಮೊಣಕಾಲಿಗೆ ತಾಗಿಕೊಂಡೇ ನಿಂತಳು. ಹಿಂದಿನಿಂದ ಕೇಳಿಬಂದ ಇಂಗ್ಲಿಷನ್ನು ಬಾಯಗಲಿಸಿ, ಕೈ ಆಡಿಸುತ್ತ, ಎಳೆದೆಳೆದು ಕನ್ನಡದಲ್ಲಿ ಹೇಳಿದಳು: "ಅಮ್ಮ... ಎಲ್ಲೀ... ಅಂತಾವ್ಳೆ ತಾತ."

ಅವಳ ತಲೆ ಪರದೆಯನ್ನೆಲ್ಲ ಮುಚ್ಚಿತ್ತು. "ಲೇ, ಪಕ್ಕಕ್ಕೆ ಸರಿಯೇ, ತಾತಂಗೆ ಟಿವಿ ಕಾಣ್ತಿಲ್ಲ" ಎಂದು ಕೈ ಬೀಸಿದೆ.

ಅದು ಅಪ್ಪನ ಕಣ್ಣಂಚಿಗೆ ಬಿದ್ದಿರಬೇಕು. ಅವಳ ತುಟಿಯಿಂದ ದೃಷ್ಟಿ ತೆಗೆಯದೆಯೇ ಹೇಳಿದರು:

"ಸುಮ್ಕಿರಮ್ಮ ನೀನು. ನಂಗೆಲ್ಲಾ ಕೇಳಿಸ್ತಾ ಐತೆ."