ಅಪ್ಪನ ಕೈಯಲ್ಲಿ ಯುಕುಲೇಲೆ

ಅಪ್ಪ ಅವ್ವನನ್ನು ಹೊಡೆಯುವ ಮೊದಲು ರೇಡಿಯೋ ಜೋರು ಮಾಡುತ್ತಿದ್ದ. ಮಹಾಲಿಂಗಪುರದಲ್ಲಿ ನಮ್ಮ ಓಣಿಯ ಮನೆಗಳು ಗೋಡೆಗೆ ಗೋಡೆ ಹತ್ತಿಕೊಂಡಿದ್ದವು. ಒಂದು ಮನೆಯವರು ಕೆಮ್ಮಿದರೆ ಪಕ್ಕದ ಮನೆಗೆ ಕೇಳುತ್ತಿತ್ತು. ಹೀಗಾಗಿ ಎಪ್ಪತ್ತರ ದಶಕದ ಸಿನಿಮಾ ಹಾಡುಗಳು ಓಣಿಗೆಲ್ಲ ಕೇಳುವ ಹಾಗೆ ನಮ್ಮ ಮನೆಯಿಂದ ಬರುತ್ತಿದ್ದವು. ಅಪ್ಪನಿಗೆ ಹಾಡಿನ ಹುಚ್ಚು ಎಂದು ಜನ ಅನ್ನುತ್ತಿದ್ದರು. ಅದು ಸುಳ್ಳಲ್ಲ. ಹುಚ್ಚೂ ಇತ್ತು.

ಹರೆಯದಲ್ಲಿ ಅಪ್ಪ ಪೈಲ್ವಾನ. ಜಮಖಂಡಿ, ಮುಧೋಳದ ಕುಸ್ತಿ ಕಣಗಳಲ್ಲಿ ಗೆದ್ದವನು. ಮದುವೆಯಾದ ಮೇಲೆ ಕುಸ್ತಿ ಬಿಟ್ಟು ಬೆಲ್ಲದ ಅಡತಿ ಅಂಗಡಿಯಲ್ಲಿ ತೂಕಕ್ಕೆ ನಿಂತ. ಎಲ್ಲಿ ಒತ್ತಿದರೆ ಉಸಿರು ಕಟ್ಟುತ್ತದೆ, ಎಲ್ಲಿ ಗುದ್ದಿದರೆ ಗುರುತು ಮೂಡುವುದಿಲ್ಲ ಎಂಬುದೆಲ್ಲ ಅವನಿಗೆ ಗೊತ್ತಿತ್ತು. ಅವ್ವ ಸೆರಗಿನ ತುದಿಯನ್ನು ಬಾಯಲ್ಲಿ ತುರುಕಿಕೊಂಡು ಹೊಡೆತ ತಿನ್ನುತ್ತಿದ್ದಳು. ಒಂದು ಸಂಜೆ ಸಾರಿಗೆ ಉಪ್ಪು ಹೆಚ್ಚಾಗಿತ್ತೋ, ತವರಿನಿಂದ ಯಾರೋ ಬಂದುಹೋಗಿದ್ದರೋ, ಕಾರಣ ನನಗೆ ತಿಳಿಯದು. ಅವ್ವನ ಮುಂಗೈಯನ್ನು ಒರಳಿನ ಅಂಚಿಗೆ ಇಟ್ಟು ಅಪ್ಪ ಮೊಣಕಾಲಿನಿಂದ ಒತ್ತಿದ. ರೇಡಿಯೋದಲ್ಲಿ ಬೆಳದಿಂಗಳು, ಮಲ್ಲಿಗೆ ಎಂದು ಗಂಡ ಹೆಂಡತಿಗೆ ಹಾಡುವ ಹಾಡು ನಡೆದಿತ್ತು. ಅದು ಯಾವ ಹಾಡೆಂದು ನಾನಿಲ್ಲಿ ಹೇಳುವುದಿಲ್ಲ. ಅದನ್ನು ಇಷ್ಟಪಡುವವರು ಬಹಳ ಜನ ಇದ್ದಾರೆ, ಅವರ ಪಾಲಿಗೆ ಅದು ಹಾಗೇ ಇರಲಿ. ನಾನು ಕಿರುಚಿದೆ. ಅಪ್ಪ ತಿರುಗಿ ಅಂಗೈ ಬೀಸಿದ. ಅಂದಿನಿಂದ ನನ್ನ ಎಡಗಿವಿ ಮಂದ.

ಅಪ್ಪನ ಹೊಡೆತ ನಿಂತದ್ದು ಬುದ್ಧಿ ಬಂದು ಅಲ್ಲ, ಲಕ್ವಾ ಹೊಡೆದು. ಎಡಗೈ ಎಡಗಾಲು ಸ್ವಾಧೀನ ತಪ್ಪಿದವು. ಆಗ ಇಬ್ಬರನ್ನೂ ಬನಹಟ್ಟಿಗೆ ನನ್ನ ಮನೆಗೆ ಕರೆತಂದೆ. ನನಗೆ ಇಲ್ಲಿ ಶಾಲೆಯಲ್ಲಿ ನೌಕರಿ. ಗಂಡನದು ಪಾವರ್‌ಲೂಮ್, ಮನೆಯ ಹಿಂದೆಯೇ ಮಗ್ಗಗಳ ಶೆಡ್ಡು. ಕಾಲು ಬೇಗ ಸುಧಾರಿಸಿತು. ಎಡಗೈಯ ಬೆರಳು ಆಡಿಸುತ್ತ ಇರಬೇಕು ಎಂದು ಜಮಖಂಡಿಯ ಡಾಕ್ಟರು ಹೇಳಿದರು. ಬೆಳಗಾವಿಯಲ್ಲಿ ಓದುವ ನನ್ನ ಮಗಳು ಆನ್‌ಲೈನಿನಲ್ಲಿ ತರಿಸಿ, ಬೇಸರವಾಗಿ ಗೋಡೆಗೆ ತೂಗುಹಾಕಿ ಹೋಗಿದ್ದ ಯುಕುಲೇಲೆ ಇತ್ತು. ನಾಲ್ಕೇ ತಂತಿಯ ಸಣ್ಣ ಗಿಟಾರಿನಂಥದು. ನೈಲಾನ್ ತಂತಿ, ಬೆರಳಿಗೆ ಚುಚ್ಚುವುದಿಲ್ಲ. ಅದನ್ನೇ ಅಪ್ಪನ ತೊಡೆಯ ಮೇಲಿಟ್ಟೆ.

ಅವನು ಕಲಿತ. ಮೊಬೈಲಿನಲ್ಲಿ ವೀಡಿಯೋ ನೋಡಿ, ಒತ್ತುವ ಜಾಗ ನೆನಪಿಟ್ಟು, ಮಳೆಗಾಲ ಮುಗಿಯುವುದರೊಳಗೆ ಹಳೆಯ ಹಾಡುಗಳನ್ನು ನುಡಿಸತೊಡಗಿದ. ಭಜನೆಯಲ್ಲಿ ಹಾಡಿದ ಕಂಠ, ವಯಸ್ಸಾದಷ್ಟೂ ಮೆತ್ತಗಾಗಿತ್ತು. ಕುಸ್ತಿಯಲ್ಲಿ ಜಜ್ಜಿ ಮುದ್ದೆಯಾದ ಕಿವಿಗಳು, ಅಗಲ ಎದೆ, ಅದರ ಮೇಲೆ ಆಟಿಕೆಯಂಥ ವಾದ್ಯ. ನಾನು ಒಂದು ವೀಡಿಯೋ ಮಾಡಿ ಫೇಸ್‌ಬುಕ್ಕಿನ ಗುಂಪೊಂದಕ್ಕೆ ಹಾಕಿದೆ. ಎಪ್ಪತ್ತರ ಹಾಡುಗಳನ್ನು ಯುಕುಲೇಲೆಯಲ್ಲಿ ನುಡಿಸಿ ಹಂಚಿಕೊಳ್ಳುವ ಹವ್ಯಾಸಿಗಳ ಗುಂಪು ಅದು. ನಡೆಸುತ್ತಿದ್ದವರು ಬ್ಯಾಂಕಿನಿಂದ ನಿವೃತ್ತರಾದ ಮುಧೋಳದ ಹೆಂಗಸೊಬ್ಬರು, ಎಲ್ಲರೂ ಅವರನ್ನು ಬಾಯಿಯವರು ಎಂದೇ ಕರೆಯುತ್ತಿದ್ದರು. ಗಣಿತದ ಮಾಸ್ತರರು, ಔಷಧಿ ಅಂಗಡಿಯವರು, ಹೊಲಿಗೆಯವರು, ಎಲ್ಲರೂ ಸಂಜೆಯ ಹೊತ್ತು ಅಲ್ಲಿ ಸೇರುತ್ತಿದ್ದರು.

ಅಪ್ಪನಿಗೆ ಬಂದಷ್ಟು ಮೆಚ್ಚುಗೆ ಬೇರೆ ಯಾರಿಗೂ ಬರಲಿಲ್ಲ. ಎಂಥ ಮೃದು ಮನಸ್ಸಿನ ಅಜ್ಜ ಎಂದು ಬರೆದರು. ಇಂಥ ಗಂಡನನ್ನು ಪಡೆದ ಅಜ್ಜಿ ಪುಣ್ಯವಂತೆ ಎಂದರು. ಅಪ್ಪ ಕನ್ನಡಕ ಏರಿಸಿ ಒಂದೊಂದನ್ನೂ ನನ್ನಿಂದ ಎರಡೆರಡು ಸಲ ಓದಿಸುತ್ತಿದ್ದ. ನಿಜ ಹೇಳಬೇಕೆಂದರೆ ಆ ಅಜ್ಜ ನನಗೂ ಹಿಡಿಸಿದ್ದ. ಐವತ್ತರ ಹತ್ತಿರ ನನಗೊಬ್ಬ ಹೊಸ ತಂದೆ ಸಿಕ್ಕ ಹಾಗಾಗಿತ್ತು.

ಅವ್ವ ಮಾತ್ರ ಅಪ್ಪ ವಾದ್ಯ ಎತ್ತಿಕೊಂಡ ಕೂಡಲೇ ಎದ್ದು ಶೆಡ್ಡಿಗೆ ಹೋಗುತ್ತಿದ್ದಳು. ಅಲ್ಲಿ ಕೂತು ಲಾಳಿಗೆ ಹಾಕುವ ಕಂಡಿಕೆಗೆ ನೂಲು ಸುತ್ತುತ್ತಿದ್ದಳು. ಸುಮ್ಮನೆ ಕೂತರೆ ಬೇಸರ, ಅದಕ್ಕೇ ಹೋಗುತ್ತಾಳೆ ಅಂದುಕೊಂಡಿದ್ದೆ. ಮಗ್ಗಗಳ ಸಪ್ಪಳದಲ್ಲಿ ಪಕ್ಕದಲ್ಲಿ ನಿಂತವರ ಮಾತೂ ಕೇಳುವುದಿಲ್ಲ ಎಂಬುದನ್ನು ನಾನು ಯೋಚಿಸಲಿಲ್ಲ.

ಕೆಲವು ತಿಂಗಳ ಹಿಂದೆ ಒಂದು ಭಾನುವಾರ ಮುಧೋಳದ ಬಾಯಿಯವರು ನಮ್ಮ ಮನೆಯಿಂದಲೇ ಲೈವ್ ಮಾಡೋಣ ಎಂದರು. ಗುಂಪಿನವರೇ ಆದ ಬೀಳಗಿಯ ಔಷಧಿ ಅಂಗಡಿಯವರು ತಮ್ಮ ಕಾರಿನಲ್ಲಿ ಅವರನ್ನು ಕರೆತಂದರು. ಹಾಡಿಗೆ ಸಪ್ಪಳ ಬೀಳಬಾರದೆಂದು ನನ್ನ ಗಂಡ ಮಗ್ಗಗಳನ್ನು ನಿಲ್ಲಿಸಿದ. ಅವ್ವ ಶೆಡ್ಡಿನ ಬಾಗಿಲ ತನಕ ಹೋಗಿ ತಿರುಗಿ ಬಂದಳು. ಬಂದವರಿಗೆ ಚುರುಮುರಿ, ಚಹಾ ಕೊಟ್ಟು ಕಂಬಕ್ಕೆ ಒರಗಿ ಕೂತಳು.

ಅಪ್ಪ ಬೆಳದಿಂಗಳಿನ ಹಾಡನ್ನು ನುಡಿಸಿದ. ಚೆನ್ನಾಗಿಯೇ ನುಡಿಸಿದ. ಮುಗಿದ ಮೇಲೆ ಬಾಯಿಯವರು ಮೊಬೈಲನ್ನು ಅವ್ವನ ಕಡೆ ತಿರುಗಿಸಿ, ಹೊಸದಾಗಿ ಮದುವೆಯಾದಾಗಿನ ಹಾಡಲ್ಲವೇ, ಕೇಳಿದರೆ ಏನು ನೆನಪಾಗುತ್ತದೆ ಎಂದು ಕೇಳಿದರು.

ಅವ್ವ ಬಳೆ ಹಿಂದೆ ಸರಿಸಿ, ಸೊಟ್ಟಗೆ ಕೂಡಿಕೊಂಡ ಮುಂಗೈಯನ್ನು ಚಾಚಿದಳು.

"ಈ ಹಾಡ ನಡದಾಗ ಇವರು ನನ್ನ ಕೈ ಮುರದ್ರು" ಅಂದಳು. "ಮಂದಿಗೆ ಕೇಳಬಾರದಂತ ರೇಡಿಯೋ ಜೋರ ಮಾಡಿ ಹೊಡೀತಿದ್ರು. ನೀವು ಕೇಳಿದ್ರಿ, ಅದಕ್ಕ ಹೇಳಿದ್ನಿ. ನನಗ ಬ್ಯಾರೆ ನೆನಪ ಇಲ್ರಿ."

ದನಿಯಲ್ಲಿ ಸಿಟ್ಟಿರಲಿಲ್ಲ. ಅಪ್ಪ ಮೊದಲು ಮೊಬೈಲಿನ ಕಡೆ ನೋಡಿ ನಕ್ಕ. ಆ ನಗೆ ಮುಖದ ಮೇಲೆ ಇದ್ದ ಹಾಗೆಯೇ ಎದ್ದ. ಯುಕುಲೇಲೆಯ ಕುತ್ತಿಗೆ ಹಿಡಿದು ಬಲಗೈಯಿಂದ ಬೀಸಿದ. ಅದು ಅವ್ವನ ಹಣೆಗೆ ಬಡಿದು ಸೀಳಿತು. ಹಲಗೆಯ ಚೂರುಗಳು ತಂತಿಗೆ ನೇತಾಡುತ್ತಿದ್ದವು. ಹುಬ್ಬು ಹರಿದು ರಕ್ತ ಕಣ್ಣಿಗಿಳಿಯಿತು. ಅಷ್ಟಕ್ಕೆ ಬಿಡದೆ ಅವ್ವನ ತುರುಬು ಹಿಡಿದು ತಲೆಯನ್ನು ಕಂಬಕ್ಕೆ ಅಪ್ಪಳಿಸಿದ. ಅವ್ವನ ಕೈ ತಾನಾಗಿಯೇ ಸೆರಗಿನ ತುದಿಯನ್ನು ಬಾಯಿಗೆ ಒಯ್ಯುವುದನ್ನು ನಾನು ಕಂಡೆ.

ಬೀಳಗಿಯವರು ಚಹಾದ ಕಪ್ಪು ಹಿಡಿದು ಕೂತೇ ಇದ್ದರು. ನನ್ನ ಕೈಗೆ ಹಿತ್ತಾಳೆಯ ನೀರಿನ ತಂಬಿಗೆ ಸಿಕ್ಕಿತು. ಅಪ್ಪನ ಮಣಿಕಟ್ಟಿಗೆ ಹೊಡೆದೆ. ತುರುಬು ಬಿಟ್ಟ. ಅಲ್ಲಿಗೆ ನಿಲ್ಲಬಹುದಿತ್ತು, ನಾನು ನಿಲ್ಲಲಿಲ್ಲ. ಅವನು ಬಿದ್ದ ಮೇಲೂ ಭುಜಕ್ಕೆ, ಬೆನ್ನಿಗೆ ಹೊಡೆದೆ. ಮೂಳೆಯ ಮೇಲೆ ಬಿದ್ದ ತಂಬಿಗೆಯ ಸದ್ದು ಕೇಳಿ ನನಗೆ ಒಂಥರಾ ಸಮಾಧಾನವಾಗುತ್ತಿತ್ತು. ಅದನ್ನು ಹೇಳಲು ಈಗಲೂ ಹೆದರಿಕೆಯಾಗುತ್ತದೆ. ನನ್ನ ಗಂಡ ಓಡಿಬಂದು ಹಿಂದಿನಿಂದ ತಬ್ಬಿ ಹಿಡಿದಾಗ ಅವನಿಗೂ ಒಂದು ಏಟು ಬಿತ್ತು.

ಬಾಯಿಯವರ ಮೊಬೈಲು ನೆಲಕ್ಕೆ ಬಿದ್ದು ಎಲ್ಲವನ್ನೂ ತೋರಿಸುತ್ತಲೇ ಇತ್ತು.

ಬೀಳಗಿಯವರ ಒಂದೇ ಕಾರಿನಲ್ಲಿ ಇಬ್ಬರನ್ನೂ ಜಮಖಂಡಿಗೆ ಒಯ್ದೆವು. ಮುಂದೆ ಅವ್ವ, ಹಣೆಗೆ ಟವೆಲ್ ಒತ್ತಿಕೊಂಡು. ಹಿಂದೆ ನನ್ನ ಮತ್ತು ಗಂಡನ ನಡುವೆ ಅಪ್ಪ. ದಾರಿಯುದ್ದಕ್ಕೂ ಅಪ್ಪ ಒಂದೇ ಮಾತು ಅಂದ. "ಅಕಿ ಮಂದ್ಯಾಗ ಹಂಗ ಅನಬಾರದಿತ್ತು."

ಅವ್ವನ ಹುಬ್ಬಿಗೆ ಹೊಲಿಗೆ ಬಿದ್ದವು. ಅಪ್ಪನ ಮಣಿಕಟ್ಟು ಮುರಿದಿತ್ತು. ಜಾರಿ ಬಿದ್ದೆ ಎಂದು ಅಪ್ಪ ಡಾಕ್ಟರಿಗೆ ಹೇಳಿದ. ಅವ್ವ ಇದ್ದದ್ದನ್ನೇ ಹೇಳಿದಳು. ಪೊಲೀಸರು ಬಂದಾಗ ನಾನು ಮಾಡಿದ್ದನ್ನೂ ಹೇಳಿದೆ. ಬಂದ ಕಾನ್‌ಸ್ಟೇಬಲ್ ಆಗಲೇ ಅದನ್ನು ತನ್ನ ಮೊಬೈಲಿನಲ್ಲಿ ನೋಡಿದ್ದ. ಕೇಸು ಮಾಡುತ್ತೀರಾ ಎಂದು ಕೇಳಿದ್ದಕ್ಕೆ ಅವ್ವ, ಕೇಸು ಬೇಡ, ಈ ಮನುಷ್ಯ ನಾನಿರುವ ಮನೆಗೆ ತಿರುಗಿ ಬರಬಾರದು, ಅಷ್ಟು ಬರೆದುಕೊಳ್ಳಿರಿ ಎಂದಳು. ಅಂಥದ್ದನ್ನು ಹೇಗೆ ಬರೆದುಕೊಳ್ಳುವುದೆಂದು ಕಾನ್‌ಸ್ಟೇಬಲ್‌ಗೆ ಗೊತ್ತಾಗಲಿಲ್ಲ. ಹಿರಿಯರು ಕೂತು ಮಾತಾಡಿದರು. ಅಪ್ಪ ಹಿಪ್ಪರಗಿಗೆ, ತನ್ನ ತಮ್ಮನ ಮಗನ ಮನೆಗೆ ಹೋದ.

ಬಾಯಿಯವರು ಆ ವೀಡಿಯೋ ತೆಗೆದುಹಾಕಿದರು. ಫೋನಿನಲ್ಲಿ ಬಹಳ ಹೊತ್ತು ಅತ್ತರು. ಆದರೆ ಗುಂಪಿನಲ್ಲಿ ಮಾತು ನಿಲ್ಲಲಿಲ್ಲ. ವಯಸ್ಸಾದ ಹೆಂಗಸು ಗಂಡನ ಮಾನ ಕಳೆಯಬಾರದಿತ್ತು ಎಂದು ಕೆಲವರು. ತಂದೆಯ ಮೇಲೆ ಕೈ ಎತ್ತಿದವಳು ಮಕ್ಕಳಿಗೆ ಏನು ಕಲಿಸುತ್ತಾಳೆ ಎಂದು ಇನ್ನು ಕೆಲವರು. ಆಮೇಲೆ ಒಬ್ಬ ಹೆಂಗಸು ಬರೆದಳು, ನಮ್ಮ ಮನೆಯಲ್ಲಿ ಟೇಪ್ ರೆಕಾರ್ಡರ್ ಇತ್ತು ಎಂದು. ಅದರ ಕೆಳಗೆ ಇನ್ನೊಬ್ಬಳು ಒಂದು ಹಾಡಿನ ಹೆಸರು ಬರೆದಳು, ಬೇರೇನೂ ಬರೆಯಲಿಲ್ಲ. ಮತ್ತೊಬ್ಬಳು ಮತ್ತೊಂದು ಹಾಡು. ಹೀಗೆ ಬರುತ್ತಲೇ ಹೋದವು. ಅವ್ವ ಅವನ್ನು ನನ್ನಿಂದ ಓದಿಸಿ ಕೇಳಿದಳು. ಕೆಲವು ಹಾಡಿಗೆ ಹೂಂ ಅಂದಳು, ಕೆಲವನ್ನು ತಾನು ಕೇಳಿಲ್ಲ ಅಂದಳು.

ಶಾಲೆಯಲ್ಲಿ ಕೆಲವು ದಿನ ಯಾರೂ ನನ್ನ ಮುಖ ನೋಡಿ ಮಾತಾಡಲಿಲ್ಲ. ಆಮೇಲೆ ಮಾತಾಡಿದರು.

ಕಳೆದ ತಿಂಗಳು ಅಪ್ಪನ ಗುಳಿಗೆ ತೆಗೆದುಕೊಂಡು ಹಿಪ್ಪರಗಿಗೆ ಹೋಗಿದ್ದೆ. ಪ್ಲಾಸ್ಟರ್ ಬಿಚ್ಚಿದ್ದರು. ಕೈ ತೆಳ್ಳಗಾಗಿತ್ತು. ಎಷ್ಟು ಜನ ನೋಡಿದರು ಎಂದು ಕೇಳಿದ. ವೀಡಿಯೋ ಈಗ ಇಲ್ಲ ಎಂದೆ. ನಾನು ಹೊಡೆದದ್ದರ ಬಗ್ಗೆ ಅವನು ಕೇಳಲಿಲ್ಲ. ಅವನ ಮುಂದೆ ಕೂತಾಗ ನನ್ನ ಕಣ್ಣು ಅವನ ಬಲಗೈಯ ಮೇಲೆಯೇ ಇತ್ತು. ಅವನ ಕಣ್ಣು ನನ್ನ ಕೈಯ ಮೇಲಿತ್ತು. ಗುಳಿಗೆ ತಿನ್ನುವ ಹೊತ್ತು ಹೇಳಿ, ಬಸ್ಸಿಗೆ ತಡವಾಗುತ್ತದೆಂದು ಎದ್ದೆ.

ಮನೆಗೆ ಬಂದಾಗ ಅವ್ವ ರೊಟ್ಟಿ ಬಡಿಯುತ್ತಿದ್ದಳು. ಅಪ್ಪ ಹೇಗಿದ್ದಾನೆ ಎಂದು ಕೇಳಲಿಲ್ಲ. ಬಸ್ಸಿನಲ್ಲಿ ಕೂಡಲು ಜಾಗ ಸಿಕ್ಕಿತೇ ಎಂದು ಕೇಳಿದಳು. ಸಿಗಲಿಲ್ಲ ಎಂದೆ. ಕಾಲು ನೊಂದಿರಬೇಕು, ಕೂತುಕೋ ಎಂದು ಮಣೆ ಸರಿಸಿದಳು.