ಚೆನ್ನಾಗಿ ಮುದುರಿದ ಹೊಸ ಗಾಡಿ

ಗೆಳೆಯರೇ, ನಮ್ಮ ಹೊಸ ದೊಡ್ಡ ಎಸ್‌ಯುವಿ ಇವತ್ತು ಬೆಳಿಗ್ಗೆ ಪೂರಿಗಾಲಿ ಹತ್ತಿರ ಟ್ರ್ಯಾಕ್ಟರ್ ಟ್ರಾಲಿಗೆ ಗುದ್ದಿತು. ಓಡಿಸುತ್ತಿದ್ದವಳು ನಾನೇ, ತಪ್ಪೂ ನನ್ನದೇ. ಎಮ್ಮೆ ಅಡ್ಡ ಬಂತೆಂದು ಮುಂದಿನ ಟ್ರ್ಯಾಕ್ಟರ್ ನಿಂತಿತು. ನಾನು ಬ್ರೇಕ್ ಒತ್ತಿದ್ದು ತಡವಾಯಿತು. ಧಡ್ ಅಂತ ಸದ್ದು, ಮುಖದ ಮುಂದೆ ಬಿಳಿ ಏರ್‌ಬ್ಯಾಗು.

ಪಕ್ಕದಲ್ಲಿದ್ದ ನಮ್ಮತ್ತೆ ತಲೆ ಬಗ್ಗಿಸಿ ಕುಸಿದಂತೆ ಕೂತಿದ್ದರು. ಏಟು ಬಿತ್ತೇನೋ ಎಂದು ಹೆದರಿ, "ಅತ್ತೆ, ಅತ್ತೆ" ಎಂದು ಅಲ್ಲಾಡಿಸಿದೆ.

"ಅಲ್ಲಾಡಿಸ್ಬ್ಯಾಡ ಕಣವ್ವ, ಕನ್ನಡಕ ಉಡುಕ್ತಾ ಇವ್ನಿ" ಎಂದರು.

ಇಬ್ಬರಿಗೂ ಒಂದು ಗೀರೂ ಆಗಿರಲಿಲ್ಲ. ಇಳಿದು ನೋಡಿದರೆ ಬಾನೆಟ್ಟು ಮಾತ್ರ ಮುದುರಿ ಮುದ್ದೆ. ಟ್ರ್ಯಾಕ್ಟರಿನ ಯಜಮಾನರು ಗಾಡಿಗೆ ಒಂದು ಸುತ್ತು ಬಂದು, "ಏನವ್ವಾ ಇದು, ನೋಡಕ್ಕೆ ಆನೆಯಂಗದೆ, ಒಂದೇ ಏಟ್ಗೆ ಅಪ್ಪಳ ಆಗೋಯ್ತಲ್ಲ! ನನ್ ಟ್ರಾಲಿ ಬಣ್ಣಾನೂ ಓಗಿಲ್ಲ" ಎಂದರು. ನನಗೆ ಅಳುವೇ ಬಂತು.

ಅತ್ತೆ ಸೆರಗು ಸರಿಮಾಡಿಕೊಂಡು, "ಗಾಡಿ ಮುದುರ್ಕಂಡ್ರೆ ಮುದುರ್ಕಳ್ಳಿ ಬುಡಣ್ಣ. ನಾವು ನೆಟ್ಗಿಲ್ವಾ?" ಎಂದರು. ಅವರು ನಕ್ಕು, ಟ್ರ್ಯಾಕ್ಟರಿಗೆ ಹಗ್ಗ ಕಟ್ಟಿ ನಮ್ಮ ಗಾಡಿಯನ್ನು ಮಳವಳ್ಳಿಯ ಗ್ಯಾರೇಜಿನವರೆಗೂ ಎಳೆದುಕೊಟ್ಟರು.

ಅಲ್ಲಿನ ಮೆಕ್ಯಾನಿಕ್ ಬಗ್ಗಿ ನೋಡಿ, "ಚೆನ್ನಾಗ್ ಮುದುರ್ಕಂಡದೆ ಮೇಡಂ" ಎಂದ. ನನಗೆ ರೇಗಿತು.

"ಈಗಿನ್ ಗಾಡಿ ಮಾಡಿರೋದೇ ಅಂಗೆ ಮೇಡಂ. ಏಟೆಲ್ಲ ಮುಂದುಗಡೆ ತಿಂತದೆ, ಒಳಗಿರೋರು ಉಳ್ಕತಾರೆ."

ಸಿಟ್ಟೆಲ್ಲ ಇಳಿಯಿತು. ಆ ಮುದುರಿದ ಬಾನೆಟ್ಟನ್ನು ಒಮ್ಮೆ ಸವರಿ ಬಂದೆ.

ಈಗ ಮದ್ದೂರಿನ ಮನೆಯಲ್ಲಿ ಕಾಫಿ ಕುಡಿಯುತ್ತಾ ಇದನ್ನು ಬರೆಯುತ್ತಿದ್ದೇನೆ. ಅತ್ತೆ ಫೋನಿನಲ್ಲಿ ತಮ್ಮನಿಗೆ, "ಸೊಸೆ ಗಾಡಿ ಬಲೇ ಗಟ್ಟಿ ಕಣ್ಲಾ" ಎನ್ನುತ್ತಿದ್ದಾರೆ. ನಾನು ತಿದ್ದಲು ಹೋಗಲಿಲ್ಲ.